ಕಣಿವೆಯಿಂದ ಕಡಲಿಗೆ: ರೋಡ್ ಸೈಕ್ಲಿಂಗ್ ದಾರಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸವಾರಿ ಮುಗಿಸಿ ನಿಂತು ಹರಟುವಾಗ, ಪತ್ರಗಳಲ್ಲಿ, ಹೊಸಬರ ಜೊತೆ ಮಾತಿಗೆ ಕೂತಾಗ ಮತ್ತೆ ಮತ್ತೆ ಬರುವ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವಂಥದ್ದು ಕೊನೆಗೆ. ಡಾಂಬರು ರಸ್ತೆಯ ಮಾತು ಮಾತ್ರ, ಕಾಡಿನ ಕಚ್ಚಾ ದಾರಿಗೆ ಇಲ್ಲಿ ಜಾಗ ಇಲ್ಲ.

## ಹೊರಡುವ ಮುಂಚೆ

ಕಣಿವೆ ರಸ್ತೆ ಕಷ್ಟ, ಕಡಲ ರಸ್ತೆ ಸಪಾಟು. ಹೌದಲ್ವಾ?

ಬಹಳ ಸಲ ಉಲ್ಟಾ. ಕಣಿವೆಯ ತಳದಲ್ಲಿ ನದಿ ನಿಧಾನಕ್ಕೆ ಇಳಿಯುತ್ತದೆ, ಪಕ್ಕದ ರಸ್ತೆಯೂ ಅದರ ಜೊತೆಗೇ ಹೋಗುತ್ತದೆ. ಹತ್ತಾರು ಕಿ.ಮೀ. ತುಳಿದರೂ ಶೇ. 1 ಅಥವಾ 2ರ ಏರು, ಅಂದರೆ 100 ಮೀಟರ್ ದೂರಕ್ಕೆ ಒಂದೋ ಎರಡೋ ಮೀಟರ್, ಅಷ್ಟೇ. ಕಡಲತೀರ ಮರಳು ಬಯಲಾಗಿದ್ದರೆ ಸಪಾಟು, ಒಪ್ಪಿದೆ. ಬಂಡೆಯ ತೀರವಾದರೆ ಕಥೆ ಬೇರೆ. ಕಡಲು ಸೇರುವ ಪ್ರತಿ ಸಣ್ಣ ಹೊಳೆಯೂ ಗುಡ್ಡವನ್ನು ಕೊರೆದಿರುತ್ತದೆ. ರಸ್ತೆ ಅಲ್ಲಿಗೆ ಇಳಿಯುತ್ತದೆ, ಸೇತುವೆ ದಾಟುತ್ತದೆ, ತಕ್ಷಣ ಮತ್ತೆ ಹತ್ತುತ್ತದೆ. ಒಂದೊಂದು ಏರೂ ಬರೀ 60 ಮೀಟರ್ ಇರಬಹುದು, ಅಂಥವು ಹತ್ತು ಬಂದರೆ 600 ಮೀಟರ್ ಆಯಿತು.

ಕಣಿವೆಯೂ ಒಂದು ಕಡೆ ಕೈಕೊಡುತ್ತದೆ. ನದಿ ಮೂಲದ ಹತ್ತಿರ ಕಡಿದಾಗಿ ಇಳಿಯುತ್ತದೆ, ಕಡಲ ಹತ್ತಿರ ಬಂದಂತೆ ಸಪಾಟಾಗುತ್ತದೆ. ಅಂದರೆ ಮೇಲಕ್ಕೆ ಹೋದಂತೆಲ್ಲ ಏರು ಜಾಸ್ತಿ. ಸರಾಸರಿ ಶೇ. 3 ಎಂದು ನೋಡಿ ಸಮಾಧಾನಪಡಬೇಡಿ. ಕೊನೆಯ 4 ಕಿ.ಮೀ. ಶೇ. 8 ಇರಬಹುದು, ಅದೂ ಕಾಲು ಸೋತ ಮೇಲೆ.

ಮೊದಲ ಸಲಕ್ಕೆ ಎಷ್ಟು ಕಿಲೋಮೀಟರ್ ಇಟ್ಟುಕೊಳ್ಳಲಿ?

ಕಿಲೋಮೀಟರ್ ಬಿಡಿ, ಗಂಟೆ ಲೆಕ್ಕ ಹಾಕಿ. ಸಪಾಟು ರಸ್ತೆಯಲ್ಲಿ ಮೂರು ಗಂಟೆ ಆರಾಮಾಗಿ ತುಳಿಯುತ್ತೀರಾ? ಇಲ್ಲೂ ಮೂರು ಗಂಟೆಯ ದಾರಿಯನ್ನೇ ಆರಿಸಿ. ನನ್ನ ಒರಟು ಲೆಕ್ಕ ಇಷ್ಟು: ಅದೇ ದೂರ ಸಪಾಟಿನಲ್ಲಿ ಎಷ್ಟು ಹೊತ್ತು ಹಿಡಿಯುತ್ತದೋ ಅದಕ್ಕೆ ಪ್ರತಿ 100 ಮೀಟರ್ ಏರಿಗೆ 6 ನಿಮಿಷ ಸೇರಿಸಿ. ಗಂಟೆಗೆ 22 ಕಿ.ಮೀ. ಹೋಗುವವರಿಗೆ 44 ಕಿ.ಮೀ., 600 ಮೀಟರ್ ಏರು ಅಂದರೆ 2 ಗಂಟೆ 36 ನಿಮಿಷ. ಫೋಟೋ ತೆಗೆಯಲು ನಿಲ್ಲುವುದು ಇದರಲ್ಲಿ ಸೇರಿಲ್ಲ, ಕಡಲ ರಸ್ತೆಯಲ್ಲಿ ಅದು ಸುಮ್ನೆ ಅರ್ಧ ಗಂಟೆ ತಿನ್ನುತ್ತದೆ.

ನನ್ನ ಹಳೇ ಸೈಕಲ್ ಸಾಕಾ?

ಬ್ರೇಕ್ ಹಿಡಿಯುತ್ತದೆ, ಟೈರ್ ಬಿರುಕು ಬಿಟ್ಟಿಲ್ಲ, ಏರಿಗೆ ಆಗುವಷ್ಟು ಹಗುರ ಗೇರ್ ಇದೆ ಅಂದರೆ ಸಾಕು. ಖರ್ಚು ಮಾಡಲೇಬೇಕು ಅನಿಸಿದರೆ ಮೊದಲು ಟೈರ್, ಆಮೇಲೆ ಗೇರ್. ಹಗುರ ಫ್ರೇಮ್ ಕೊನೆಗೆ.

ಬೆಳಗ್ಗೆ ಮೊದಲು ಕಡಲ ಕಡೆ ಹೋಗಲಾ, ಕಣಿವೆ ಕಡೆ ಹೋಗಲಾ?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ. ದಾರಿ ಯಾವುದು ಅನ್ನೋದಕ್ಕಿಂತ ಅದನ್ನು ಯಾವ ಹೊತ್ತಿಗೆ, ಯಾವ ದಿಕ್ಕಿನಲ್ಲಿ ಹೋಗುತ್ತೀರಿ ಅನ್ನೋದೇ ದಿನವನ್ನು ಸುಲಭವೋ ನರಕವೋ ಮಾಡುವುದು.

ಬಿಸಿಲೇರಿದಂತೆ ನೆಲ ಬೇಗ ಕಾಯುತ್ತದೆ, ನೀರು ನಿಧಾನ. ನೆಲದ ಮೇಲಿನ ಗಾಳಿ ಬಿಸಿಯಾಗಿ ಮೇಲೇಳುತ್ತದೆ, ಅದರ ಜಾಗಕ್ಕೆ ಕಡಲ ಕಡೆಯಿಂದ ತಂಪು ಗಾಳಿ ನುಗ್ಗುತ್ತದೆ. ಇದು ಸಾಮಾನ್ಯವಾಗಿ ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಶುರುವಾಗಿ ಮೂರು ಗಂಟೆಯ ಸುಮಾರಿಗೆ ಜೋರಾಗುತ್ತದೆ. ಕಣಿವೆಯೊಳಗೂ ಇಂಥದ್ದೇ ಒಂದು ಆಟ ನಡೆಯುತ್ತಿರುತ್ತದೆ. ಹಗಲಲ್ಲಿ ಗಾಳಿ ಕಣಿವೆಯ ಮೇಲ್ಮುಖವಾಗಿ ಬೀಸುತ್ತದೆ. ರಾತ್ರಿ ಇಳಿಜಾರಿನ ತಂಪು ಗಾಳಿ ಕೆಳಕ್ಕೆ ಹರಿಯುತ್ತದೆ, ನಸುಕಿನಲ್ಲೂ ಅದು ಇನ್ನೂ ಇಳಿಯುತ್ತಲೇ ಇರುತ್ತದೆ. ಕಣಿವೆಯ ಬಾಯಿ ಕಡಲಿಗೆ ತೆರೆದಿದ್ದರೆ ಮಧ್ಯಾಹ್ನದ ಎರಡೂ ಗಾಳಿ ಒಂದೇ ದಿಕ್ಕಿಗೆ ಸೇರಿಕೊಳ್ಳುತ್ತವೆ.

ಹಾಗಾಗಿ ಕಣಿವೆಯ ಮೇಲ್ಭಾಗದಲ್ಲಿ ಉಳಿದುಕೊಂಡವರು ನಸುಕಿನಲ್ಲಿ ಕೆಳಕ್ಕೆ ಹೊರಡಿ. ಗಾಳಿ ಏಳುವ ಮುಂಚೆ ಕಡಲ ರಸ್ತೆ ಮುಗಿಸಿ, ಮಧ್ಯಾಹ್ನ ಬೆನ್ನಿಗೆ ಗಾಳಿ ಹಾಕಿಕೊಂಡು ಏರು ಹತ್ತಿ. ಕಡಲ ಪಕ್ಕದಲ್ಲೇ ಇರುವವರು ಬೆಳಗ್ಗೆ ತೀರದ ರಸ್ತೆ, ಆಮೇಲೆ ಕಣಿವೆ ಮಾಡಿ. ವಾಪಸ್ ಇಳಿಯಲು ಸಂಜೆ ಗಾಳಿ ತಣ್ಣಗಾಗುವವರೆಗೆ ಕಾಯಿರಿ. ಮಧ್ಯಾಹ್ನ ಮೂರಕ್ಕೆ ಇಳಿಯಲು ಹೊರಟರೆ ಇಳಿಜಾರಿನಲ್ಲೂ ತುಳಿಯಬೇಕಾಗುತ್ತದೆ, ಅಷ್ಟು ಬೇಜಾರಿನ ಕೆಲಸ ಸೈಕ್ಲಿಂಗ್‌ನಲ್ಲಿ ಇನ್ನೊಂದಿಲ್ಲ.

ಮೋಡ ಕವಿದ ದಿನ, ಚಳಿಗಾಲ, ಅಥವಾ ದೊಡ್ಡ ಬಿರುಗಾಳಿ ಹತ್ತಿರದಲ್ಲಿದ್ದಾಗ ಈ ಗಡಿಯಾರ ನಡೆಯುವುದಿಲ್ಲ. ಆ ದಿನಗಳಲ್ಲಿ ಗಂಟೆ ಗಂಟೆಯ ಗಾಳಿ ಮುನ್ಸೂಚನೆ ನೋಡಿ. ಇಡೀ ದಿನಕ್ಕೆ ಒಂದೇ ಬಾಣ ತೋರಿಸುವ ಮುನ್ಸೂಚನೆಯಿಂದ ಏನೂ ಪ್ರಯೋಜನ ಇಲ್ಲ.

## ದಾರಿ ಆರಿಸುವಾಗ

ನದಿಯ ಎರಡೂ ದಂಡೆಯಲ್ಲಿ ರಸ್ತೆ ಇದೆ. ಯಾವುದು ಹಿಡಿಯಲಿ?

ಹೆದ್ದಾರಿ ಒಂದು ದಂಡೆಯಲ್ಲಿದ್ದರೆ ಹಳ್ಳಿಗಳನ್ನು ಪೋಣಿಸಿಕೊಂಡು ಹೋಗುವ ಹಳೇ ರಸ್ತೆ ಇನ್ನೊಂದು ದಂಡೆಯಲ್ಲಿರುತ್ತದೆ. ನಮ್ಮದು ಆ ಹಳೇ ರಸ್ತೆ. ಅದು ಅಂಕುಡೊಂಕು, ಏರಿಳಿತ ಸ್ವಲ್ಪ ಜಾಸ್ತಿ, ಆದರೆ ಕಿವಿ ಪಕ್ಕ ಲಾರಿ ಹೋಗುವುದಿಲ್ಲ. ಎರಡೂ ಶಾಂತವಾಗಿದ್ದರೆ ಬಿಸಿಲು ನೋಡಿ ಆರಿಸಿ. ಬೇಸಿಗೆಯಲ್ಲಿ ಏರು ಹತ್ತುವ ಹೊತ್ತಿಗೆ ನೆರಳಿರುವ ದಂಡೆ ಒಳ್ಳೆಯದು. ಚಳಿ ದೇಶಗಳಲ್ಲಿ ಇದೇ ಮಾತು ತಿರುಗಿಬೀಳುತ್ತದೆ, ನೆರಳಿನ ಬದಿಯಲ್ಲಿ ಹಿಮದ ಪದರ ಮಧ್ಯಾಹ್ನವಾದರೂ ಕರಗಿರುವುದಿಲ್ಲ.

ಸೇತುವೆಗಳು ಎಲ್ಲೆಲ್ಲಿವೆ ಅಂತ ಮೊದಲೇ ಗುರುತು ಮಾಡಿಕೊಳ್ಳಿ. ಸುಸ್ತಾದರೆ, ಮಳೆ ಬಂದರೆ, ಬೇಗ ತಿರುಗಿ ಬರಲು ಅವೇ ಬಾಗಿಲು.

ಮ್ಯಾಪ್ ನೋಡಿ ಏರು ಎಷ್ಟು ಕಡಿದು ಅಂತ ಹೇಗೆ ತಿಳಿಯೋದು?

ಸಮೋನ್ನತಿ ರೇಖೆ, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ, ಇರುವ ಮ್ಯಾಪ್ ತೆಗೆದುಕೊಳ್ಳಿ. 1:50,000 ಮ್ಯಾಪಿನಲ್ಲಿ 1 ಸೆಂ.ಮೀ. ಅಂದರೆ ನೆಲದ ಮೇಲೆ 500 ಮೀಟರ್. ಗೆರೆಗಳ ನಡುವಿನ ಎತ್ತರ 20 ಮೀಟರ್ ಇದ್ದು, ರಸ್ತೆ ಒಂದು ಸೆಂಟಿಮೀಟರಿನಲ್ಲಿ ಎರಡು ಗೆರೆ ಅಂತರ ಹತ್ತಿದರೆ 500 ಮೀಟರಿಗೆ 40 ಮೀಟರ್, ಅಂದರೆ ಶೇ. 8. ಗೆರೆಗಳ ಜೊತೆಗೇ ಸಾಗುವ ರಸ್ತೆ ಸುಲಭ, ಅಡ್ಡ ಕತ್ತರಿಸುವ ರಸ್ತೆ ಕಷ್ಟ. ಹಾವಿನ ಹಾಗೆ ಸುತ್ತುವ ತಿರುವುಗಳು ಕಂಡರೆ ಹೆದರಬೇಡಿ. ಏರು ಕಡಿಮೆ ಮಾಡಲೆಂದೇ ಆ ತಿರುವು ಹಾಕಿರುತ್ತಾರೆ. ಕಡಿದಾದ ಗುಡ್ಡಕ್ಕೆ ನೇರವಾಗಿ ಹೋಗುವ ಸಣ್ಣ ಹಳ್ಳಿ ರಸ್ತೆಗೆ ಹೆದರಬೇಕು.

ಹಳೇ ರೈಲು ಹಳಿ ಕಿತ್ತು ಸೈಕಲ್ ದಾರಿ ಮಾಡಿದ್ದರೆ ಕಣ್ಣು ಮುಚ್ಚಿ ಆರಿಸಿ, ರೈಲಿಗೆ ಶೇ. 2-3 ದಾಟಿದರೆ ಹತ್ತಲು ಕಷ್ಟ. ಡಾಂಬರು ಹಾಕಿದ್ದಾರಾ ಅಂತ ಮಾತ್ರ ನೋಡಿಕೊಳ್ಳಿ.

ಆ್ಯಪ್ 900 ಮೀಟರ್ ಏರು ಅಂದಿತ್ತು, ಸೈಕಲ್ ಕಂಪ್ಯೂಟರ್ 700 ತೋರಿಸ್ತು. ಯಾವುದು ನಿಜ?

ಎರಡೂ ಅಂದಾಜು. ಆ್ಯಪ್ ನೆಲದ ಎತ್ತರದ ನಕ್ಷೆಯ ಮೇಲೆ ನಿಮ್ಮ ದಾರಿಯ ಗೆರೆ ಎಳೆದು ಲೆಕ್ಕ ಹಾಕುತ್ತದೆ. ಕಡಿದಾದ ಕಣಿವೆಯ ಪಕ್ಕ ಅಥವಾ ಕಡಲ ಬಂಡೆಯ ಅಂಚಿನಲ್ಲಿ ಗೆರೆ ಹತ್ತು ಮೀಟರ್ ಆಚೀಚೆ ಆದರೆ ಎತ್ತರ ಇಪ್ಪತ್ತು ಮೀಟರ್ ಹಾರುತ್ತದೆ. ಸುರಂಗ ಬಂದರೆ ಇನ್ನೂ ಮಜಾ. ನೀವು ಗುಡ್ಡದ ಹೊಟ್ಟೆಯೊಳಗೆ ಸಪಾಟಾಗಿ ಹೋಗುತ್ತಿರುತ್ತೀರಿ, ಆ್ಯಪ್ ನಿಮ್ಮನ್ನು ಗುಡ್ಡದ ನೆತ್ತಿಗೆ ಹತ್ತಿಸಿ ಇಳಿಸಿರುತ್ತದೆ. ಎತ್ತರದ ಸೇತುವೆಯಲ್ಲಿ ಇದೇ ತಪ್ಪು ತಲೆಕೆಳಗಾಗಿ ನಡೆಯುತ್ತದೆ.

ಕಂಪ್ಯೂಟರಿನಲ್ಲಿ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇದ್ದರೆ ಸಣ್ಣ ಏರಿಳಿತವನ್ನು ಅದು ಚೆನ್ನಾಗಿ ಹಿಡಿಯುತ್ತದೆ. ಅದರ ದೌರ್ಬಲ್ಯ ಹವಾಮಾನ. ಒತ್ತಡ 1 ಹೆಕ್ಟೊಪ್ಯಾಸ್ಕಲ್ ಬದಲಾದರೆ ಸುಮಾರು 8 ಮೀಟರ್ ವ್ಯತ್ಯಾಸ ಬರುತ್ತದೆ. ಕಡಲ ಪಕ್ಕ ನಿಂತಾಗ ಎತ್ತರ ನೋಡಿ. ನೀರಿಗಿಂತ ಮೂರು ಮೀಟರ್ ಮೇಲೆ ನಿಂತಿದ್ದೀರಿ, ಅದು 45 ಅನ್ನುತ್ತಿದ್ದರೆ ಅಲ್ಲೇ ಸರಿಪಡಿಸಿ.

ಕಡಲು ಎಡಕ್ಕಿರಬೇಕಾ, ಬಲಕ್ಕಿರಬೇಕಾ?

ವಾಹನಗಳು ರಸ್ತೆಯ ಎಡಬದಿಯಲ್ಲಿ ಹೋಗುವ ದೇಶವಾದರೆ ಕಡಲು ಎಡಕ್ಕಿರಲಿ. ನಿಮ್ಮ ಮತ್ತು ನೀರಿನ ನಡುವೆ ಎದುರಿನ ವಾಹನ ಇರುವುದಿಲ್ಲ. ನೋಟ ಪೂರ್ತಿ ಸಿಗುತ್ತದೆ, ನೋಡಲು ನಿಲ್ಲಬೇಕಾದರೆ ರಸ್ತೆ ದಾಟುವ ಗೋಜೂ ಇಲ್ಲ. ದ್ವೀಪ ಸುತ್ತುವುದಾದರೆ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತಿ. ಬಲಬದಿಯಲ್ಲಿ ಓಡಿಸುವ ದೇಶದಲ್ಲಿ ಇದೆಲ್ಲ ಉಲ್ಟಾ. ಎತ್ತರದ ರಸ್ತೆಯಲ್ಲಿ ಕೆಳಗೆ ನೋಡಿದರೆ ತಲೆ ತಿರುಗುವವರು ಮಾತ್ರ ಬೇಕಂತಲೇ ಗುಡ್ಡದ ಬದಿ ಹಿಡಿಯಲಿ, ಅದರಲ್ಲಿ ನಾಚಿಕೆ ಏನಿಲ್ಲ.

ಅಳಿವೆ ಅಡ್ಡ ಬಂದರೆ ಏನು ಮಾಡೋದು?

ಆಚೆ ದಡ ಕಣ್ಣಿಗೆ ಕಾಣುತ್ತದೆ, ಸೇತುವೆ ಮಾತ್ರ ಒಳನಾಡಿನಲ್ಲಿ ಎಷ್ಟೋ ದೂರ. ದೋಣಿ ಇದ್ದರೆ ಸೈಕಲ್ ಹತ್ತಿಸಿಕೊಳ್ಳುತ್ತಾರಾ, ಕೊನೆಯ ದೋಣಿ ಎಷ್ಟು ಹೊತ್ತಿಗೆ, ಆ ಋತುವಿನಲ್ಲಿ ಓಡುತ್ತದಾ ಅಂತ ಮೂರನ್ನೂ ಮೊದಲೇ ಕೇಳಿ. ಕೊನೆಯ ದೋಣಿ ನಂಬಿಕೊಂಡು ಹೊರಡಬೇಡಿ, ಅದಕ್ಕೆ ಮುಂಚಿನದನ್ನು ನಂಬಿ.

ಕೆಲವು ಕಡೆ ಉಬ್ಬರದಲ್ಲಿ ಮುಳುಗಿ ಇಳಿತದ ಹೊತ್ತಿಗೆ ಮಾತ್ರ ನೀರಿನಿಂದ ಹೊರಬರುವ ರಸ್ತೆಗಳಿವೆ. ಉಬ್ಬರದಿಂದ ಇಳಿತಕ್ಕೆ ಸುಮಾರು 6 ಗಂಟೆ 12 ನಿಮಿಷ. ದಿನದಿಂದ ದಿನಕ್ಕೆ ಸಮಯ ಹೆಚ್ಚುಕಡಿಮೆ 50 ನಿಮಿಷ ಮುಂದೆ ಹೋಗುತ್ತದೆ, ನಿನ್ನೆ ದಾಟಿದ ಹೊತ್ತಿಗೆ ಇವತ್ತು ನೀರಿರಬಹುದು. ನೀರು ಇಳಿದ ಮೇಲೂ ಪಾಚಿ, ಕೆಸರು ಉಳಿದಿರುತ್ತವೆ. ಫ್ರಾನ್ಸಿನ ಪಸಾಜ್ ದ್ಯು ಗುವಾ ಅಂಥದ್ದೇ ರಸ್ತೆ, ನಾಲ್ಕು ಕಿ.ಮೀ.ಗೂ ಜಾಸ್ತಿ ಉದ್ದ. 1999ರ ಸೈಕಲ್ ರೇಸ್ ಟೂರ್ ದ ಫ್ರಾನ್ಸ್‌ನ ಎರಡನೇ ಹಂತದಲ್ಲಿ ಅಲ್ಲಿ ಸವಾರರು ಗುಂಪಾಗಿ ಜಾರಿಬಿದ್ದರು. ಗೆಲ್ಲುವ ಆಸೆಯಲ್ಲಿದ್ದ ಆಲೆಕ್ಸ್ ಝೂಲೆ ಆ ಒಂದೇ ದಿನ ಆರು ನಿಮಿಷ ಕಳೆದುಕೊಂಡರು. ಜಗತ್ತಿನ ಅತ್ಯುತ್ತಮ ಸವಾರರಿಗೇ ಹಾಗಾದರೆ ನಾವು ಅಲ್ಲಿ ನಿಧಾನಕ್ಕೆ, ನೇರವಾಗಿ, ಬ್ರೇಕ್ ಮುಟ್ಟದೆ ಹೋಗುವುದೇ ಸರಿ.

## ರಸ್ತೆಗಿಳಿದ ಮೇಲೆ

ಹೋಗುವಾಗ ಎದುರುಗಾಳಿ ಇದ್ದರೆ ಬರುವಾಗ ಸಹಾಯ ಆಗುತ್ತಲ್ಲ, ಲೆಕ್ಕ ಸಮ ಆಗಲ್ವಾ?

ಆಗುವುದಿಲ್ಲ. 20 ಕಿ.ಮೀ. ಹೋಗಿ 20 ಕಿ.ಮೀ. ಬರುತ್ತೀರಿ ಅಂದುಕೊಳ್ಳಿ. ಗಾಳಿ ಇಲ್ಲದ ದಿನ ಗಂಟೆಗೆ 25ರಂತೆ 96 ನಿಮಿಷ. ಗಾಳಿ ಇದ್ದ ದಿನ ಹೋಗುವಾಗ 18, ಬರುವಾಗ 32. ವೇಗದ ಸರಾಸರಿ ಅದೇ 25 ಅನಿಸುತ್ತದೆ. ಹೋಗಲು 67 ನಿಮಿಷ, ಬರಲು 37, ಒಟ್ಟು 104. ಕಷ್ಟದ ಹೊತ್ತು ಉದ್ದ, ಸುಖದ ಹೊತ್ತು ಗಿಡ್ಡ.

ಜೊತೆಗೆ ಗಾಳಿಯ ತಡೆಯನ್ನು ಗೆಲ್ಲಲು ಬೇಕಾದ ಶಕ್ತಿ ವೇಗದ ಘನದಷ್ಟು ಏರುತ್ತದೆ. ಅದಕ್ಕೇ ಎದುರುಗಾಳಿಯಲ್ಲಿ ಮೀಟರಿನ ವೇಗ ನೋಡಲೇಬೇಡಿ. ಉಸಿರು ನೋಡಿ, ಏರು ಹತ್ತುವ ಹಾಗೆ ಹಗುರ ಗೇರ್ ಹಾಕಿ, ಮೈ ಬಗ್ಗಿಸಿ. ಇಬ್ಬರಿದ್ದರೆ ಸರದಿಯ ಮೇಲೆ ಮುಂದೆ ಹೋಗಿ, ಹಿಂದಿನವರಿಗೆ ನಿಜಕ್ಕೂ ದೊಡ್ಡ ಉಳಿತಾಯ.

ಹಳ್ಳಿ ರಸ್ತೆಯಲ್ಲಿ ಯಾವುದಕ್ಕೆ ಹೆದರಬೇಕು?

ವಾಹನ ಕಡಿಮೆ ಅಂತ ಕಣ್ಣು ಸಡಿಲ ಬಿಡುವುದಕ್ಕೆ. ಟ್ರ್ಯಾಕ್ಟರ್ ಗದ್ದೆಯಿಂದ ರಸ್ತೆಗೆ ಏರುವ ಜಾಗದಲ್ಲಿ ಕೆಸರು ಬಿದ್ದಿರುತ್ತದೆ, ಒಣಗಿದ್ದರೆ ಹೆಂಟೆ, ಮಳೆ ಬಂದರೆ ಸೋಪು. ತಿರುವಿನ ಒಳಮೂಲೆಯಲ್ಲಿ ಜಲ್ಲಿ ಕೂಡಿರುತ್ತದೆ. ದನ, ಕುರಿ ಒಂದು ದಾಟಿತು ಅಂದರೆ ಹಿಂದೆ ಇನ್ನೊಂದು ಇದೆ ಅಂತಲೇ ತಿಳಿಯಿರಿ. ಗಂಟೆ ಬಾರಿಸಿ ಬೆದರಿಸಬೇಡಿ, ನಿಧಾನ ಮಾಡಿ ಮಾತಾಡಿ, ಮನುಷ್ಯನ ದನಿಗೆ ಅವು ಹೊಂದಿಕೊಂಡಿರುತ್ತವೆ. ರೈಲು ಹಳಿ ಮತ್ತು ಜಾನುವಾರು ತಡೆಯುವ ಕಂಬಿಗಳನ್ನು ನೇರ ಅಡ್ಡಲಾಗಿ ದಾಟಿ. ಓರೆಯಾಗಿ ಹೋದರೆ ಚಕ್ರ ಸಿಕ್ಕಿಕೊಳ್ಳುತ್ತದೆ. ನಾಯಿ ಅಟ್ಟಿಸಿಕೊಂಡು ಬಂದರೆ ಇಳಿದು ಸೈಕಲನ್ನು ಅಡ್ಡ ಹಿಡಿದು ನಿಲ್ಲಿ, ಬಹಳಷ್ಟು ನಾಯಿಗಳಿಗೆ ಓಡುವುದರಲ್ಲೇ ಆಸಕ್ತಿ.

ಉದ್ದ ಇಳಿಜಾರಿನಲ್ಲಿ ಬ್ರೇಕ್ ಹಿಡ್ಕೊಂಡೇ ಇಳಿಯಬಹುದಾ?

ಬೇಡ. ಸೈಕಲ್ ಸೇರಿ 80 ಕಿಲೋ ಭಾರ 500 ಮೀಟರ್ ಕೆಳಗಿಳಿದರೆ ಸುಮಾರು 390 ಕಿಲೋಜೂಲ್ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಸ್ವಲ್ಪ ಗಾಳಿಗೆ ಹೋಗುತ್ತದೆ, ಉಳಿದದ್ದು ಬ್ರೇಕಿನ ಬಿಸಿ. ಚಕ್ರದ ಅಂಚನ್ನೇ ಒತ್ತಿ ಹಿಡಿಯುವ ರಿಮ್ ಬ್ರೇಕ್ ಇದ್ದರೆ ಆ ಬಿಸಿ ನೇರ ಟೈರಿನ ಪಕ್ಕದಲ್ಲೇ ಕೂರುತ್ತದೆ, ಕಾರ್ಬನ್ ರಿಮ್ ಅಂತೂ ಇದನ್ನು ಸಹಿಸುವುದಿಲ್ಲ. ನೇರ ರಸ್ತೆಯಲ್ಲಿ ಬಿಡಿ, ತಿರುವಿಗೆ ಮುಂಚೆ ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಮತ್ತೆ ಬಿಡಿ. ತಿರುವಿನ ಒಳಗೆ ಹಿಡಿಯಬೇಡಿ. ಕಣ್ಣು ಮುಂದಿನ ಚಕ್ರದ ಮೇಲಿರದೆ ತಿರುವು ಮುಗಿಯುವ ಜಾಗದಲ್ಲಿರಲಿ. ಹೊರಗಿನ ಪೆಡಲ್ ಕೆಳಗೆ, ಭಾರ ಅದರ ಮೇಲೆ.

ಗುಡ್ಡದ ತುದಿಯಲ್ಲಿ ಜಾಕೆಟ್ ಹಾಕಿಕೊಂಡೇ ಇಳಿಯಿರಿ. 1000 ಮೀಟರಿಗೆ ಸರಾಸರಿ 6.5 ಡಿಗ್ರಿ ತಂಪು, ಮೇಲೆ ಬೆವರಿದ ಮೈಗೆ ಗಾಳಿ ಬೇರೆ. ಮರಗಟ್ಟಿದ ಬೆರಳಿಗೆ ಬ್ರೇಕ್ ಹಿಡಿಯಲು ಬರುವುದಿಲ್ಲ.

ನೀರು, ತಿಂಡಿ ಎಷ್ಟು ಒಯ್ಯಲಿ?

ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು, ಎರಡು ಗಂಟೆಗಿಂತ ಉದ್ದದ ಸವಾರಿಗೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್. ಹಸಿವಾಗುವ ಮುಂಚೆ ತಿನ್ನಿ. ಕಡಲಗಾಳಿ ಬೆವರನ್ನು ಆಗಲೇ ಒಣಗಿಸಿಬಿಡುತ್ತದೆ, ಬಿಸಿಲು ಚುರುಗುಟ್ಟುವುದೂ ಗೊತ್ತಾಗುವುದಿಲ್ಲ. ಬಾಯಾರಿಕೆ ಇಲ್ಲ ಅಂತ ಮೋಸ ಹೋಗಬೇಡಿ, ಕತ್ತಿನ ಹಿಂಭಾಗಕ್ಕೆ ಸನ್‌ಸ್ಕ್ರೀನ್ ಹಚ್ಚಿ.

ಬೆಳಗ್ಗೆ ಮಂಜು ಕವಿದಿದ್ದರೆ ಕಾಯಬೇಕಾ?

ಕಣಿವೆಯ ಮಂಜಾದರೆ ಕಾಯಿರಿ. ರಾತ್ರಿ ತಂಪು ಗಾಳಿ ತಳದಲ್ಲಿ ನಿಂತು ಆದದ್ದು ಅದು, ಬಿಸಿಲೇರಿದರೆ ಕರಗುತ್ತದೆ. ಸ್ವಲ್ಪ ಮೇಲಕ್ಕೆ ಹತ್ತಿದರೆ ಮಂಜಿನಿಂದ ಆಚೆ ಬರುವುದೂ ಉಂಟು. ಕಡಲ ಮಂಜು ಬಿಸಿಲಿಗೆ ಅಷ್ಟು ಬೇಗ ಬಗ್ಗುವುದಿಲ್ಲ, ಇಡೀ ದಿನ ಕೂರಬಹುದು. ಆ ದಿನ ಒಳನಾಡಿನ ದಾರಿ ಹಿಡಿಯಿರಿ. ಲೈಟ್ ಅಂತೂ ಹಗಲಲ್ಲೂ ಹಾಕಿರಲಿ.

## ಸ್ವಲ್ಪ ಆಳಕ್ಕೆ

34-28 ಗೇರ್ ಇದೆ, ಶೇ. 10ರ ಏರಿಗೆ ಸಾಲಲ್ವಾ?

ಲೆಕ್ಕ ಹಾಕೋಣ. ಚಕ್ರ ಒಂದು ಸುತ್ತಿಗೆ ಸುಮಾರು 2.1 ಮೀಟರ್ ಹೋಗುತ್ತದೆ. ಮುಂದೆ 34 ಹಲ್ಲು, ಹಿಂದೆ 28 ಇದ್ದರೆ ಪೆಡಲಿನ ಒಂದು ಸುತ್ತಿಗೆ 2.55 ಮೀಟರ್. ನಿಮಿಷಕ್ಕೆ 70 ಸುತ್ತು ತುಳಿದರೆ ಗಂಟೆಗೆ 10.7 ಕಿ.ಮೀ. ಒಟ್ಟು ಭಾರ 80 ಕಿಲೋ ಇದ್ದರೆ ಆ ವೇಗಕ್ಕೆ ಸುಮಾರು 245 ವ್ಯಾಟ್ ಬೇಕು. ಹಿಂದಿನ ಹಲ್ಲು 34 ಮಾಡಿ. ಅದೇ 70 ಸುತ್ತಿಗೆ ಗಂಟೆಗೆ 8.8 ಕಿ.ಮೀ., ಸುಮಾರು 200 ವ್ಯಾಟ್ ಸಾಕು. ಈ 45 ವ್ಯಾಟ್ ವ್ಯತ್ಯಾಸವೇ ಹತ್ತು ನಿಮಿಷದ ಏರಿನಲ್ಲಿ ಇಳಿದು ತಳ್ಳುವವರನ್ನೂ ಕೂತು ಹತ್ತುವವರನ್ನೂ ಬೇರೆ ಮಾಡುವುದು. ಶಕ್ತಿ ಕಡಿಮೆ ಇದ್ದರೆ 34-28ರಲ್ಲಿ ನಿಮಿಷಕ್ಕೆ 50 ಸುತ್ತು ತುಳಿದು ಹತ್ತಬಹುದು, ಆದರೆ ಮಂಡಿ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗುಚ್ಛ) ಬದಲಿಸುವಾಗ ಚೈನನ್ನು ಒಂದರಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡಿರೇಲರ್ 34 ಹಲ್ಲು ತಡೆಯುತ್ತದಾ ಅಂತ ಕೇಳಿ, ಚೈನ್ ಉದ್ದವೂ ಹೊಂದಬೇಕು.

ಟೈರಿಗೆ ಎಷ್ಟು ಗಾಳಿ? 100 ಪಿಎಸ್‌ಐ ಹಾಕ್ತಾ ಇದ್ದೆ.

ಪಿಎಸ್‌ಐ ಅಂದರೆ ಗಾಳಿಯ ಒತ್ತಡದ ಅಳತೆ. 100 ಹಾಕೋದು 23 ಮಿ.ಮೀ. ಟೈರಿನ ಕಾಲದ ಅಭ್ಯಾಸ. 28 ಮಿ.ಮೀ. ಟೈರ್, 70 ಕಿಲೋ ಸವಾರ ಅಂದರೆ 65-75 ಪಿಎಸ್‌ಐ ಸುತ್ತ ಶುರು ಮಾಡಿ, ಹಿಂದಿನ ಚಕ್ರಕ್ಕೆ ಸ್ವಲ್ಪ ಜಾಸ್ತಿ. ಒರಟು ಹಳ್ಳಿ ರಸ್ತೆಯಲ್ಲಿ ಗಟ್ಟಿ ಟೈರ್ ಕುಪ್ಪಳಿಸುತ್ತದೆ. ಕುಪ್ಪಳಿಸಿದಾಗ ವೇಗವೂ ಹೋಯಿತು, ಹಿಡಿತವೂ ಹೋಯಿತು. ಮಳೆಯಲ್ಲಿ ಇನ್ನೂ 5 ಇಳಿಸಿ. ನಿಮ್ಮದು ಹುಕ್‌ಲೆಸ್ ರಿಮ್ (ಟೈರಿನ ಅಂಚು ಹಿಡಿಯುವ ಕೊಕ್ಕೆ ಇಲ್ಲದ್ದು) ಆಗಿದ್ದರೆ 5 ಬಾರ್, ಅಂದರೆ 72.5 ಪಿಎಸ್‌ಐ ಮಿತಿ. ಅದನ್ನು ಯಾವ ಕಾರಣಕ್ಕೂ ದಾಟಬೇಡಿ. ರಿಮ್ ಅಥವಾ ಟೈರಿನ ಮೇಲೆ ಅದಕ್ಕಿಂತ ಕಡಿಮೆ ಬರೆದಿದ್ದರೆ ಅದೇ ಮಿತಿ.

ಕಡಲ ರಸ್ತೆಯಲ್ಲಿ ಪಕ್ಕದ ಗಾಳಿ ಸೈಕಲನ್ನೇ ಎತ್ತಿ ಒಗೆಯುತ್ತೆ. ಏನು ಮಾಡೋದು?

ಗಾಳಿ ಒಂದೇ ಸಮ ಬೀಸಿದರೆ ಮೈ ಒಗ್ಗಿಕೊಳ್ಳುತ್ತದೆ. ಅಪಾಯ ಇರುವುದು ಗುಡ್ಡದ ಮರೆಯಿಂದ ಹೊರಬರುವ ಕ್ಷಣದಲ್ಲಿ, ಸೇತುವೆಯ ಶುರುವಿನಲ್ಲಿ, ದೊಡ್ಡ ಲಾರಿ ಎದುರಿಂದ ಹಾದುಹೋದಾಗ. ಆ ಜಾಗ ಬರುವ ಮುಂಚೆಯೇ ಹ್ಯಾಂಡಲಿನ ಕೆಳಭಾಗ ಹಿಡಿಯಿರಿ, ಮೊಣಕೈ ಸಡಿಲ ಇರಲಿ, ರಸ್ತೆಯ ಅಂಚಿನಿಂದ ಸ್ವಲ್ಪ ಒಳಗಿರಿ. ರಿಮ್ 50 ಮಿ.ಮೀ. ಆಳದ್ದಾದರೆ ಮುಂದಿನ ಚಕ್ರ ಗಾಳಿಗೆ ತಿರುಗಲು ನೋಡುತ್ತದೆ. ಗಾಳಿಯ ದಿನ ಮುಂದೆ ಕಡಿಮೆ ಆಳದ ಚಕ್ರ ಹಾಕಿ, ಹಿಂದಿನದು ಅಷ್ಟು ತೊಂದರೆ ಕೊಡುವುದಿಲ್ಲ.

ಕಡಲ ಪಕ್ಕ ಓಡಿಸಿದರೆ ಸೈಕಲ್ ತುಕ್ಕು ಹಿಡಿಯುತ್ತಾ? ಒರೆಸಿದರೆ ಸಾಲದಾ?

ಒರೆಸಿದರೆ ಉಪ್ಪು ಬೋಲ್ಟಿನ ತಲೆಯೊಳಗೆ, ಚಕ್ರದ ಕಡ್ಡಿ ಬಿಗಿಯುವ ನಿಪ್ಪಲ್ ಸಂದಿಗೆ ಇನ್ನೂ ಒಳಕ್ಕೆ ಹೋಗುತ್ತದೆ. ಬರೀ ಸಿಹಿನೀರು ಮೆಲ್ಲಗೆ ಸುರಿದು ತೊಳೆಯಿರಿ. ಜೋರಾದ ಪೈಪ್ ಬೇಡ, ಬೇರಿಂಗಿನೊಳಗೆ ನೀರು ಹೋಗುತ್ತದೆ. ಚೈನಿಗೆ ಅಂಟಿದ ಮರಳು ಎಣ್ಣೆಯ ಜೊತೆ ಸೇರಿ ಹಲ್ಲನ್ನು ಅರೆಯುತ್ತದೆ, ಅದನ್ನು ತೆಗೆದು, ಒಣಗಿಸಿ, ಆಮೇಲೆ ಹೊಸ ಎಣ್ಣೆ. ಚೈನಿನ ಸವೆತ ಅಳೆಯುವ ಚೈನ್ ಗೇಜ್ ಶೇ. 0.5 ತೋರಿಸಿದರೆ ಚೈನ್ ಬದಲಿಸಿ, ಕ್ಯಾಸೆಟ್ ಉಳಿಯುತ್ತದೆ.

ಯಾರೂ ನೋಡದ ಜಾಗ ಸೀಟು ಹೊರುವ ಕೊಳವೆ, ಅಂದರೆ ಸೀಟ್‌ಪೋಸ್ಟ್. ಕಾರ್ಬನ್ ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ತಾಗಿ ನಡುವೆ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗುತ್ತದೆ, ಎರಡೂ ಬೆಸುಗೆ ಹಾಕಿದಂತೆ ಕಚ್ಚಿಕೊಳ್ಳುತ್ತವೆ. ಮತ್ತೆ ಬಿಡಿಸಲು ಹೋಗಿ ಫ್ರೇಮ್ ಒಡೆಯುವವರಿದ್ದಾರೆ. ಕಡಲ ಪಕ್ಕ ದಿನಾ ಓಡಿಸುವವರು ತಿಂಗಳಿಗೊಮ್ಮೆ ಎತ್ತರಕ್ಕೆ ಟೇಪ್ ಗುರುತು ಹಾಕಿ, ಪೋಸ್ಟ್ ಹೊರಗೆಳೆದು, ಒರೆಸಿ, ಕಾರ್ಬನ್ ಪೇಸ್ಟ್ ಹಚ್ಚಿ ಮತ್ತೆ ಕೂರಿಸಿ. ಪೆಡಲಿಗೆ ಕಚ್ಚಿಕೊಳ್ಳುವ ಶೂ ಅಡಿಯ ಕ್ಲೀಟ್ ಬೋಲ್ಟ್‌ಗಳಿಗೂ ಆಗಲೇ ಗ್ರೀಸ್ ಹಾಕಿಬಿಡಿ.